ಇಪ್ಪತ್ತು ಚರ್ಮದ ಚೂರುಗಳು

ಶನಿವಾರ ಬೆಳಿಗ್ಗೆ ಎಂಟೂವರೆಯ ಹೊತ್ತು. ವಿನೋಬನಗರದ ಸತ್ಯಭಾಮಾ ಅವರ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಗೋವಿಂದ ಮಾಸ್ತರು ಎರಡನೇ ಲೋಟ ಕಾಫಿಯ ದಾರಿ ನೋಡುತ್ತಿದ್ದಾಗ ಗೇಟಿನ ಎದುರು ಆಟೋ ನಿಂತಿತು. ಇಳಿದ ಹೆಂಗಸು ಚಪ್ಪಲಿ ಬಿಡುವುದನ್ನೂ ಮರೆತು ಸೀದಾ ಒಳಗೆ ಬಂದಳು.

"ಪತ್ತೆ ಮಾಡೋ ಅಮ್ಮ ಇರೋದು ಇಲ್ಲೇನಾ?"

"ಇಲ್ಲೇ. ನಾನು ಪಕ್ಕದ ಮನೆಯವನು, ಗೋವಿಂದ ಅಂತ. ಏನಾಗ್ಬೇಕಿತ್ತು?" ಎಂದು ಮಾಸ್ತರು ಗತ್ತಿನಿಂದ ಕೇಳಿದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತರಾದ ಮೇಲೆ ಅವರಿಗೆ ಉಳಿದಿದ್ದ ಒಂದೇ ಹುದ್ದೆ ಸತ್ಯಭಾಮಾ ಅವರ ಸಹಾಯಕನದು. ಅದನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ತಾವಾಗಿಯೇ ವಹಿಸಿಕೊಂಡಿದ್ದರು.

ಅಷ್ಟರಲ್ಲಿ ಸತ್ಯಭಾಮಾ ಹೊರಗೆ ಬಂದರು. ಭದ್ರಾವತಿಯ ಕಾರ್ಖಾನೆಯೊಂದರ ರಾಸಾಯನಿಕ ಪ್ರಯೋಗಶಾಲೆಯಲ್ಲಿ ಜೀವಮಾನವಿಡೀ ಕೆಲಸ ಮಾಡಿದ, ಅರವತ್ನಾಲ್ಕು ದಾಟಿದ, ಕಡ್ಡಿಯಂತಹ ಹೆಂಗಸು. ಸೊಂಟದಲ್ಲಿ ಎಲೆಅಡಿಕೆ ಚೀಲ ಸದಾ ಇರುತ್ತಿತ್ತು. ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಕಾಣೆಯಾದರೂ ಪೊಲೀಸರಿಗಿಂತ ಮೊದಲು ಅವರ ಗೇಟು ತಟ್ಟುವುದು ವಾಡಿಕೆಯಾಗಿಹೋಗಿತ್ತು.

"ಮೊದ್ಲು ಕೂತ್ಕೊಳಿ. ನೀರು ಕುಡೀರಿ," ಎಂದರು.

ಹೆಂಗಸು ನೀರನ್ನು ಕೈಯಲ್ಲಿ ಹಿಡಿದಳೇ ಹೊರತು ಕುಡಿಯಲಿಲ್ಲ. ಅವಳ ಹೆಸರು ಶಾಂತಮ್ಮ. ಭದ್ರಾವತಿ ನ್ಯೂ ಟೌನಿನಲ್ಲಿ ಹೊಲಿಗೆ ಅಂಗಡಿ. ಮಗ ದುಶ್ಯಂತ್ ಶಿವಮೊಗ್ಗದ ಹೊರವಲಯದ ಒಂದು ಖಾಸಗಿ ಪಶು ಸಂಶೋಧನಾ ಕೇಂದ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದ.

"ಸೋಮವಾರ ಹನ್ನೊಂದು ಗಂಟೆಗೆ ಅವನ್ನ ತೆಗೆದು ಹಾಕ್ತಾರಂತೆ ಅಮ್ಮ. ಜತೆಗೆ ಓದೋ ಹುಡುಗಿ ಕೆಲಸಾನ ಇವ್ನೇ ಹಾಳು ಮಾಡಿದ ಅಂತ. ಒಂದ್ಸಲ ಆ ಹೆಸರು ಬಂದ್ರೆ ಇನ್ನೆಲ್ಲೂ ಸೇರಿಸಲ್ವಂತೆ. ಅವನು ಹತ್ತು ದಿನದಿಂದ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದಾನೆ. ನಾನು ಎಬ್ಬಿಸಿದ್ರೆ, 'ನೀನಾದ್ರೂ ನಂಬ್ತೀಯಾ' ಅಂತ ಕೇಳ್ತಾನೆ. ನಂಬ್ತೀನಿ ಅಂದೆ. ನಾನು ನಂಬಿದ್ರೆ ಏನಾಯ್ತಮ್ಮ? ನನ್ನ ಮಾತು ಕೇಳೋರ್ಯಾರು ಅಲ್ಲಿ?"

ಹೇಳುತ್ತ ಹೇಳುತ್ತ ಲೋಟ ವಾಲಿ ನೀರು ಸೀರೆಯ ಮೇಲೆ ಚೆಲ್ಲಿತು. ಸತ್ಯಭಾಮಾ ಲೋಟವನ್ನು ತೆಗೆದು ಕೆಳಗಿಟ್ಟರು. ಮಗನೇ ಮಾಡಿದ್ದರೆ ಅದನ್ನೂ ಮುಚ್ಚಿಡುವುದಿಲ್ಲ ಎಂದು ಮೊದಲೇ ಹೇಳಿದರು. ಶಾಂತಮ್ಮ ತಲೆಯಾಡಿಸಿದಳು. ಮಾಸ್ತರು ಕಾಫಿಯ ಆಸೆ ಬಿಟ್ಟು ಸ್ಕೂಟರ್ ಹೊರಗೆ ತಂದರು.

ಸಂಶೋಧನಾ ಕೇಂದ್ರದ ಮುಖ್ಯಸ್ಥರಾದ ಡಾ. ಸುದರ್ಶನ ಅವರಿಗೆ ಹೊರಗಿನವರು ಬಂದದ್ದು ಇಷ್ಟವಾಗಲಿಲ್ಲ. ಆದರೆ ಬೇಡವೆನ್ನಲೂ ಆಗಲಿಲ್ಲ, ಏಕೆಂದರೆ ಗೋವಿಂದ ಮಾಸ್ತರ ಕೈಯಲ್ಲಿ ಕಿವಿ ಹಿಂಡಿಸಿಕೊಂಡೇ ಡಾಕ್ಟರ ತಮ್ಮ ಹತ್ತನೇ ಕ್ಲಾಸು ಪಾಸಾಗಿದ್ದ. ನಷ್ಟವಾದದ್ದು ಯಾರ ಕೆಲಸವೋ ಆ ಹುಡುಗಿ, ವಿದ್ಯಾಶ್ರೀ, ಫ್ರೀಜರ್ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು.

"ನನಗೆ ಅರ್ಥ ಆಗೋ ಹಾಗೆ ಹೇಳಮ್ಮ," ಎಂದರು ಸತ್ಯಭಾಮಾ. "ಈ ಮಾಸ್ತರಿಗೆ ಅರ್ಥವಾದ್ರೆ ನನಗೂ ಆದ ಹಾಗೇ."

ಮಾಸ್ತರು ಇದನ್ನು ಹೊಗಳಿಕೆಯೆಂದೇ ತಿಳಿದು ನೋಟ್‌ಬುಕ್ ತೆರೆದರು.

"ದನಕ್ಕೆ ನರೂಲಿ ಬರೋದು ಒಂದು ವೈರಸ್‌ನಿಂದ ಮೇಡಂ," ಎಂದು ವಿದ್ಯಾಶ್ರೀ ಶುರುಮಾಡಿದಳು. "ಚರ್ಮದ ಒಂದೊಂದು ಜೀವಕೋಶದಲ್ಲೂ ಸಾವಿರಾರು ಜೀನ್ ಇರ್ತವೆ. ಯಾವುದು ಯಾವಾಗ ಕೆಲ್ಸ ಮಾಡ್ಬೇಕು, ಯಾವುದು ಸುಮ್ನಿರ್ಬೇಕು ಅಂತ ಒಂದು ಕ್ರಮ ಇರುತ್ತೆ. ವೈರಸ್ ಆ ಕ್ರಮಾನೇ ಕೆಡಿಸುತ್ತೆ. 'ಬೆಳಿ, ಬೆಳಿ' ಅನ್ನೋ ಜೀನ್‌ಗಳು ನಿಲ್ಲದೆ ಕೆಲ್ಸ ಮಾಡ್ತವೆ, ಅದಕ್ಕೇ ಗಂಟು ಬರೋದು. 'ಶತ್ರು ಬಂದಿದಾನೆ' ಅಂತ ಮೈಗೆ ಸುದ್ದಿ ಕೊಡಬೇಕಾದ ಜೀನ್‌ಗಳು ಬಾಯಿ ಮುಚ್ಕೊಂಡಿರ್ತವೆ."

"ಅದು ನಿಮಗೆ ಹೇಗೆ ಗೊತ್ತಾಗುತ್ತೆ?"

"ಕೆಲ್ಸ ಮಾಡ್ತಿರೋ ಜೀನು ಚೀಟಿ ಬರೆದು ಕಳಿಸುತ್ತೆ ಅಂದ್ಕೊಳಿ. ಚೀಟಿ ಎಣಿಸಿದ್ರೆ ಯಾವ ಜೀನು ಎಷ್ಟು ಕೆಲ್ಸ ಮಾಡ್ತಿತ್ತು ಅಂತ ತಿಳಿಯುತ್ತೆ. ಆದ್ರೆ ಚೀಟಿಗೆ ಆಯಸ್ಸಿಲ್ಲ. ಚರ್ಮ ಕತ್ತರಿಸಿದ ಕೂಡ್ಲೇ ಹಾಳಾಗೋಕೆ ಶುರು. ಅದಕ್ಕೇ ಆ ಕ್ಷಣಾನೇ ಒಂದು ದ್ರಾವಣದಲ್ಲಿ ಹಾಕ್ತೀವಿ. ಅದರಲ್ಲಿದ್ರೆ ಉಳಿಯುತ್ತೆ."

ಕಳೆದ ನವೆಂಬರಿನಲ್ಲಿ ಅವಳು ಭದ್ರಾವತಿಯ ಸುತ್ತಮುತ್ತ ನರೂಲಿ ಎದ್ದ ಹನ್ನೊಂದು ಕಡಸುಗಳನ್ನು ಹುಡುಕಿದ್ದಳು. ಒಂದೊಂದರಿಂದಲೂ ನರೂಲಿಯ ಒಂದು ಚೂರು, ಒಳ್ಳೆಯ ಚರ್ಮದ ಒಂದು ಚೂರು, ಒಟ್ಟು ಇಪ್ಪತ್ತೆರಡು ಟ್ಯೂಬು. ಕೆಲವು ದನಕ್ಕೆ ನರೂಲಿ ತಾನಾಗಿ ಉದುರುತ್ತದೆ, ಕೆಲವಕ್ಕೆ ಮೊಲೆತೊಟ್ಟನ್ನೆಲ್ಲ ಮುಚ್ಚಿ ಹಾಲು ಕರೆಯಲಾಗದಂತೆ ಮಾಡುತ್ತದೆ. ಯಾವುದು ಯಾವ ದಾರಿ ಹಿಡಿಯುತ್ತದೆಂದು ಮೊದಲೇ ತಿಳಿಯಬೇಕೆಂಬುದು ಅವಳ ಹಂಬಲ. ಡಿಸೆಂಬರಿನಲ್ಲಿ ಒಂದು ಕಡಸಿನ ಎರಡು ಟ್ಯೂಬುಗಳನ್ನು ಪರೀಕ್ಷೆಗೆಂದು ಬೆಂಗಳೂರಿಗೆ ಕಳಿಸಿದಾಗ ಫಲಿತಾಂಶ ಬಹಳ ಚೆನ್ನಾಗಿ ಬಂದಿತ್ತು. ಫೆಬ್ರವರಿ ಮೊದಲ ವಾರ ಉಳಿದ ಇಪ್ಪತ್ತನ್ನು ಫ್ರಿಜ್‌ನಿಂದ ಫ್ರೀಜರಿಗೆ ಬದಲಾಯಿಸಿ, ಒಂದು ತಿಂಗಳ ತರಬೇತಿಗೆ ಹೈದರಾಬಾದಿಗೆ ಹೋದಳು. ಮಾರ್ಚಿನಲ್ಲಿ ಬಂದು ಪ್ರತಿ ಚೂರಿನ ಅರ್ಧ ಭಾಗವನ್ನು ಕಳಿಸಿದಳು.

"ಇಪ್ಪತ್ತರಲ್ಲಿ ಒಂದ್ರಲ್ಲೂ ಒಂದು ಚೀಟಿ ಇಲ್ಲ ಮೇಡಂ. ಎಲ್ಲಾ ಹಾಳು."

"ಕರೆಂಟ್ ಹೋಗಿರಬಹುದಲ್ಲ?" ಎಂದರು ಮಾಸ್ತರು.

"ಫ್ರೀಜರಿನ ಉಷ್ಣತೆ ಗಳಿಗೆ ಗಳಿಗೆಗೂ ದಾಖಲಾಗುತ್ತೆ," ಎಂದು ಡಾ. ಸುದರ್ಶನ ಬಿಗಿಯಾಗಿ ಹೇಳಿದರು. "ಒಂದು ನಿಮಿಷವೂ ಏರಿಲ್ಲ. ಯಾರೋ ಕೈ ಹಾಕಿದಾರೆ. ಈ ಕೋಣೆಗೆ ಬರೋರೆಲ್ಲ ರಿಜಿಸ್ಟರಿನಲ್ಲಿ ಹೆಸರು ಬರೀಬೇಕು. ವಿದ್ಯಾಶ್ರೀ ಇಲ್ಲದ ಆ ತಿಂಗಳಲ್ಲಿ ಬಂದಿರೋ ಹೆಸರು ಒಂದೇ. ಫೆಬ್ರವರಿ ಒಂಬತ್ತು, ಭಾನುವಾರ, ದುಶ್ಯಂತ್. ಅದಕ್ಕೂ ಮುಂಚೆ ಇವರಿಬ್ಬರಿಗೂ ಜಗಳ ಆಗಿತ್ತು. ಲೇಖನದಲ್ಲಿ ತನ್ನ ಹೆಸರು ಬಿಟ್ಟಿದಾಳೆ ಅಂತ ಅವನು ಕ್ಯಾಂಟೀನಿನಲ್ಲಿ ಕೂಗಾಡಿದ್ದು ಎಲ್ಲರೂ ಕೇಳಿದಾರೆ."

ದುಶ್ಯಂತ್ ತನ್ನ ಮೇಕೆ ರಕ್ತದ ಬಾಟಲಿ ತೆಗೆದುಕೊಳ್ಳಲು ಬಂದೆನೆಂದು ಹೇಳುತ್ತಿದ್ದನಂತೆ. ಅವನು ಅವಸರದಲ್ಲಿ ಹೊರಗೆ ಹೋದದ್ದನ್ನು ಅಟೆಂಡರ್ ಕರಿಯಣ್ಣ ಕಣ್ಣಾರೆ ನೋಡಿದ್ದ.

ಆ ಕರಿಯಣ್ಣನೇ ಟೀ ತಂದ. ಮೂವತ್ತೊಂದು ವರ್ಷದ ಸರ್ವಿಸು, ತಲೆ ಪೂರ್ತಿ ಬೆಳ್ಳಗಾಗಿತ್ತು, ಅಂಗಿಯ ಇಸ್ತ್ರಿ ಮಾತ್ರ ಒಂದು ಗೆರೆ ಕೆಟ್ಟಿರಲಿಲ್ಲ. ಟ್ರೇಯಲ್ಲಿದ್ದ ನಾಲ್ಕು ಲೋಟಗಳಲ್ಲೂ ಟೀ ಒಂದೇ ಮಟ್ಟಕ್ಕಿತ್ತು.

"ಹೊಟ್ಟೆ ಉರಿಯುತ್ತಮ್ಮ," ಎಂದ ಅವನು. "ಈ ಹುಡುಗಿ ಕೊಟ್ಟಿಗೆ ಕೊಟ್ಟಿಗೆ ಅಲೆದಾಗ ನಾನೂ ಜತೇಲಿದ್ದೆ. ದನ ಹಿಡಿದಿದ್ದೇ ನಾನು. ನಮ್ಮ ಕಾಲದಲ್ಲಿ ದನದ ನರೂಲಿ ಕತ್ತರಿಸಿ ತಂದು, ಅದನ್ನೇ ಅರೆದು ಸೂಜಿಮದ್ದು ಮಾಡಿ ಆ ದನಕ್ಕೇ ಚುಚ್ತಿದ್ವಿ. ಹದಿನೈದು ದಿನಕ್ಕೆ ಉದುರಿ ಹೋಗೋದು. ಎಷ್ಟು ಸಾವಿರ ಮಾಡಿದೀನೋ ಲೆಕ್ಕ ಇಲ್ಲ. ಕೈಯಲ್ಲಿ ಒಂದೂ ಕೆಟ್ಟಿಲ್ಲ. ಈಗಿನ ಹುಡುಗರಿಗೆ ಇನ್ನೊಬ್ಬರ ಕಷ್ಟ ಎಲ್ಲಿ ಗೊತ್ತು?"

ವಿದ್ಯಾಶ್ರೀ ಅವನ ತೋಳು ಮುಟ್ಟಿ, "ಬಿಡಣ್ಣ," ಎಂದಳು.

ಸತ್ಯಭಾಮಾ ಇಪ್ಪತ್ತು ಟ್ಯೂಬುಗಳನ್ನೂ ಬೆಳಕಿಗೆ ಹಿಡಿದು ನೋಡಿದರು. ಪೆನ್ಸಿಲಿನಲ್ಲಿ ಬರೆದ ಲೇಬಲುಗಳು ಸ್ವಚ್ಛವಾಗಿದ್ದವು. ಎಲ್ಲದರಲ್ಲೂ ತಿಳಿನೀರಿನಂತಹ ದ್ರಾವಣ ಕತ್ತಿನ ಗೆರೆಯವರೆಗೆ ಸರಿಸಮ ನಿಂತಿತ್ತು.

"ಈ ದ್ರಾವಣದಲ್ಲಿ ಮುಖ್ಯವಾಗಿ ಏನಿದೆ?"

"ಅಮೋನಿಯಂ ಸಲ್ಫೇಟ್ ಮೇಡಂ."

"ಅಂದ್ರೆ ಗೊಬ್ಬರದ ಉಪ್ಪು," ಎಂದು ಸತ್ಯಭಾಮಾ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದರು. ಕಪಾಟಿನಲ್ಲಿದ್ದ ಹೊಸ ಬಾಟಲಿಯ ಎರಡು ಹನಿಯನ್ನು ಗಾಜಿನ ಮೇಲೆ ಬಿಟ್ಟು, ಸುಣ್ಣ ಬೆರೆಸಿ, ಮಾಸ್ತರ ಮೂಗಿನ ಹತ್ತಿರ ಹಿಡಿದರು. ಮಾಸ್ತರು ಕಣ್ಣಲ್ಲಿ ನೀರು ಬರುವಂತೆ ಸೀನಿದರು. ಅಮೋನಿಯಾದ ಘಾಟು ಕೋಣೆಯಲ್ಲೆಲ್ಲ ಹರಡಿತು.

ಆಮೇಲೆ ಏಳನೇ ಟ್ಯೂಬಿನ ಎರಡು ಹನಿ. ಅದಕ್ಕೂ ಸುಣ್ಣ. ಮಾಸ್ತರು ಹೆದರಿ ಹೆದರಿ ಮೂಗು ತಂದರು. ಏನೂ ಇಲ್ಲ. ಮೂರನೆಯದು, ಹನ್ನೊಂದನೆಯದು, ಕೊನೆಗೆ ಇಪ್ಪತ್ತೂ ಆದವು. ಒಂದರಲ್ಲೂ ಘಾಟಿನ ಸುಳಿವಿರಲಿಲ್ಲ.

"ಚೂರು ನಿನ್ನದೇ ಕಣಮ್ಮ. ಅದು ಮುಳುಗಿರೋ ನೀರು ನಿನ್ನದಲ್ಲ. ಯಾರೋ ಬದಲಾಯಿಸಿದಾರೆ."

ವಿದ್ಯಾಶ್ರೀ ಕುರ್ಚಿ ಹುಡುಕಿಕೊಂಡು ಕೂತಳು. ಮಾರ್ಚಿನಲ್ಲಿ ಚೂರು ಎತ್ತುವಾಗ ಇಕ್ಕಳ ಸ್ವಲ್ಪ ಅಂಟಿದಂತಾಗಿತ್ತು, ತಣ್ಣಗಿರುವುದರಿಂದ ಇರಬೇಕು ಎಂದುಕೊಂಡೆ ಎಂದಳು. ಸತ್ಯಭಾಮಾ ಬೇರೆ ಎರಡು ಗಾಜಿನ ಮೇಲೆ ಹೊಸ ದ್ರಾವಣದ ಒಂದು ಹನಿ, ಟ್ಯೂಬಿನ ಒಂದು ಹನಿ ಬಿಟ್ಟು ಕಿಟಕಿಯ ಬಿಸಿಲಿಗಿಟ್ಟರು. ಹೊರಡುವ ಹೊತ್ತಿಗೆ ಹೊಸ ದ್ರಾವಣದ ಹನಿ ಒಣಗಿ ಬಿಳಿ ಹೊಪ್ಪಳಿಕೆ ಕಟ್ಟಿತ್ತು. ಟ್ಯೂಬಿನ ಹನಿ ಒಣಗದೆ ಹೊಳೆಯುತ್ತ ಕೂತಿತ್ತು. ಹೊಸ ದ್ರಾವಣವನ್ನು ಒಂದು ಟ್ಯೂಬಿಗೆ ತುಂಬಿ ಅದೇ ಫ್ರೀಜರಿನಲ್ಲಿಟ್ಟು ಬೀಗ ಹಾಕಿ, ಸೋಮವಾರದ ತನಕ ಯಾರೂ ತೆಗೆಯಬಾರದು ಎಂದು ಅವರು ಡಾಕ್ಟರಿಗೆ ಹೇಳಿದರು.

"ಆ ಹುಡುಗನೇ," ಎಂದರು ಮಾಸ್ತರು, ಸ್ಕೂಟರ್ ಶುರುಮಾಡುತ್ತ. "ನೀರು ಬದಲಾಯಿಸೋಕೆ ಬೇರೆ ಯಾರಿಗೆ ತಲೆ ಓಡುತ್ತೆ?"

"ಹಾಳು ಮಾಡ್ಬೇಕು ಅನ್ನೋನು ಇಪ್ಪತ್ತು ಟ್ಯೂಬು ಬಿಚ್ಚಿ, ಚೆಲ್ಲಿ, ತೊಳೆದು, ಗೆರೆ ನೋಡಿ ತುಂಬ್ತಾನಾ ಮಾರಾಯ? ಫ್ರೀಜರಿನಿಂದ ತೆಗೆದು ಎರಡು ದಿನ ಬಿಸಿಲಲ್ಲಿಟ್ರೆ ಸಾಕಾಗಿತ್ತು," ಎಂದು ಸತ್ಯಭಾಮಾ ಗದರಿದರು.

ಭಾನುವಾರ ಇಬ್ಬರೂ ಭದ್ರಾವತಿಗೆ ಹೋದರು. ಊರಾಚೆ ಕಾಲುವೆ ಪಕ್ಕದಲ್ಲಿ ನಂಜಮ್ಮನ ಕೊಟ್ಟಿಗೆ. ವಿದ್ಯಾಶ್ರೀ ಚೂರು ತೆಗೆದ ಕಡಸುಗಳಲ್ಲಿ ಎರಡು ಇಲ್ಲಿದ್ದವು. ಮತ್ತೆ ಚೂರು ತೆಗೆದರಾಯಿತಲ್ಲ ಎಂಬುದು ಮಾಸ್ತರ ಆಸೆ. ಆದರೆ ಎರಡರ ಕತ್ತೂ ರೇಷ್ಮೆಯಂತೆ ನುಣ್ಣಗಿತ್ತು.

"ಸಂಕ್ರಾಂತಿ ಆಗಿ ಒಂದು ತಿಂಗಳಿಗೆ ಎಲ್ಲಾ ಉದುರಿ ಹೋಯ್ತು," ಎಂದಳು ನಂಜಮ್ಮ ಸಂತೋಷದಿಂದ. "ಸುತ್ತಮುತ್ತ ಯಾರ ಮನೆ ದನಕ್ಕೂ ಈಗಿಲ್ಲ. ಒಳ್ಳೇದಾಯ್ತಲ್ಲ?"

ಒಳ್ಳೆಯದೇ ಆಗಿತ್ತು. ದನ ಗುಣವಾಯಿತೆಂದು ಬೇಜಾರು ಮಾಡಿಕೊಳ್ಳುವುದು ಹೇಗೆಂದು ತಿಳಿಯದೆ ಮಾಸ್ತರು ಕಡಸಿನ ಬೆನ್ನು ಸವರಿದರು.

"ಆ ದಿನ ಚೂರು ತೆಗೆಯೋವಾಗ ಏನಾದ್ರೂ ಮಾತುಕತೆ ಆಯ್ತಾ?" ಎಂದು ಸತ್ಯಭಾಮಾ ಕೇಳಿದರು.

"ಏನಿಲ್ಲಮ್ಮ. ಆ ಕರಿಯಣ್ಣ ಇದಾನಲ್ಲ, ನಮ್ಮಪ್ಪನ ಕಾಲದಿಂದ ಬರ್ತಾನೆ. 'ಜೇನು ತರ ಇರೋ ಆ ನೀರು ತಂದಿಲ್ವಾ ತಾಯಿ, ಅದ್ರಲ್ಲೇ ಹಾಕ್ಬೇಕಲ್ವಾ' ಅಂದ. ಆ ಹುಡುಗಿ ನಕ್ಕು, 'ಅದೆಲ್ಲಾ ಹಳೇದು ಅಣ್ಣ, ಮೊದ್ಲು ಕಾಲು ಹಿಡ್ಕೋ' ಅಂದ್ಳು. ಕಡಸು ಒದೀತಿತ್ತು, ಪಾಪ."

ಅಲ್ಲಿಂದ ನ್ಯೂ ಟೌನಿಗೆ ಹೋಗಿ ಶಾಂತಮ್ಮನ ಮನೆಯಲ್ಲಿ ದುಶ್ಯಂತನನ್ನು ನೋಡಿದರು. ಗಡ್ಡ ಬೆಳೆದಿತ್ತು, ಮಾತು ಒಂದೊಂದೇ ಬರುತ್ತಿತ್ತು. ಸತ್ಯಭಾಮಾ ಫ್ರೀಜರಿನ ವಿಷಯವನ್ನೇ ಎತ್ತಲಿಲ್ಲ.

"ನಿಮ್ಮ ಲ್ಯಾಬಿನಲ್ಲಿ ಗ್ಲಿಸರಿನ್ ಯಾತಕ್ಕೆ ಉಪಯೋಗಿಸ್ತೀರಪ್ಪ?"

ಅವನು ಕಕ್ಕಾಬಿಕ್ಕಿಯಾದ. "ಗ್ಲಿಸರಿನ್ನಾ? ಚಳಿಗಾಲದಲ್ಲಿ ತುಟಿಗೆ ಹಚ್ತಾರಲ್ಲ, ಅದಾ? ನಾನಂತೂ ಉಪಯೋಗಿಸಿಲ್ಲ ಮೇಡಂ."

ಅದೇ ಪ್ರಶ್ನೆಯನ್ನು ಫೋನಿನಲ್ಲಿ ವಿದ್ಯಾಶ್ರೀಗೆ ಕೇಳಿದಾಗ ಅವಳೂ ಹೆಚ್ಚುಕಡಿಮೆ ಅದನ್ನೇ ಹೇಳಿದಳು. ಸತ್ಯಭಾಮಾ ಫೋನು ಇಟ್ಟು, ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಲೇ ಕೂತರು. ಎಲೆಯನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ.

"ಸಿಕ್ಕಿಬಿದ್ದನಾ?" ಎಂದರು ಮಾಸ್ತರು ಉತ್ಸಾಹದಿಂದ.

"ಗೊತ್ತಾಯ್ತು. ಗೊತ್ತಾಗಬಾರದಿತ್ತು ಅನ್ನಿಸ್ತಿದೆ ಗೋವಿಂದ," ಎಂದರು ಅವರು. ಇಷ್ಟು ವರ್ಷದ ಪತ್ತೇದಾರಿಕೆಯಲ್ಲಿ ಅವರ ಬಾಯಿಂದ ಆ ಮಾತನ್ನು ಮಾಸ್ತರು ಕೇಳಿದ್ದು ಅದೇ ಮೊದಲು.

ಸೋಮವಾರ ಹತ್ತು ಗಂಟೆಗೆ ಡಾ. ಸುದರ್ಶನ ಅವರ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೇಜಿನ ಮೇಲೆ ದುಶ್ಯಂತನನ್ನು ತೆಗೆದುಹಾಕುವ ಪತ್ರ ಟೈಪಾಗಿ ಸಹಿಗೆ ಕಾಯುತ್ತಿತ್ತು. ಅವನು ಮೂಲೆಯ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ವಿದ್ಯಾಶ್ರೀ ಅವನತ್ತ ನೋಡುತ್ತಿರಲಿಲ್ಲ. ಶಾಂತಮ್ಮ ಒಳಗೆ ಬರಲು ಧೈರ್ಯ ಸಾಲದೆ ಹೊರಗಿನ ಕಲ್ಲುಬೆಂಚಿನ ಮೇಲೆ ಉಳಿದಿದ್ದಳು. ಕರಿಯಣ್ಣನಿಗೆ ಕೂರಲು ಹೇಳಿದರೂ ಅವನು ಬಾಗಿಲ ಬಳಿಯೇ ನಿಂತ.

ಸತ್ಯಭಾಮಾ ಸುಣ್ಣದ ಪರೀಕ್ಷೆಯಿಂದ ಶುರುಮಾಡಿದರು. ದ್ರಾವಣ ಬದಲಾಗಿರುವುದನ್ನು ವಿವರಿಸಿದರು. ಒಣಗದ, ಇಕ್ಕಳಕ್ಕೆ ಅಂಟುವ, ವಾಸನೆಯಿಲ್ಲದ ಆ ದ್ರವ ಗ್ಲಿಸರಿನ್ ಬೆರೆತ ಸಲೈನ್ ಎಂದರು. "ಈಗ ಪ್ರಶ್ನೆ, ಯಾರು ಮತ್ತು ಯಾಕೆ. ದ್ವೇಷದಿಂದ ಮಾಡೋನು ಗೆರೆ ನೋಡಿ ತುಂಬಲ್ಲ. ಇದನ್ನ ಮಾಡಿರೋ ಕೈಗೆ ಆ ಚೂರುಗಳ ಮೇಲೆ ಅಕ್ಕರೆ ಇತ್ತು. ಇನ್ನು ಚರ್ಮದ ಚೂರನ್ನ ಗ್ಲಿಸರಿನ್‌ನಲ್ಲಿ ಇಡಬಹುದು ಅನ್ನೋದೇ ಈ ಇಬ್ಬರು ಹುಡುಗರಿಗೆ ಗೊತ್ತಿಲ್ಲ. ಕೇಳಿ ನೋಡಿದೀನಿ."

"ರಿಜಿಸ್ಟರಿನಲ್ಲಿ ಬೇರೆ ಹೆಸರೇ ಇಲ್ಲವಲ್ಲ?" ಎಂದರು ಡಾಕ್ಟರು.

"ರಿಜಿಸ್ಟರ್ ಇಡೋರು ತಮ್ಮ ಹೆಸರು ಬರ್ಕೊಳಲ್ಲ ಡಾಕ್ಟ್ರೆ. ದಿನಾ ಬೀಗ ತೆಗೆದು ಗುಡಿಸೋರನ್ನ ನೀವೂ ಲೆಕ್ಕಕ್ಕೆ ಹಿಡಿಯಲಿಲ್ಲ. ಶನಿವಾರ ನಾನು ಇಡಿಸಿದ ಟ್ಯೂಬು ತರಿಸಿ."

ಡಾಕ್ಟರೇ ಹೋಗಿ ತಂದರು. ಎರಡು ದಿನದ ಹಿಂದೆ ತಿಳಿನೀರಿನಂತಿದ್ದ ದ್ರಾವಣದ ತಳದಲ್ಲಿ ಬಿಳಿಯ ಗಷ್ಟು ಕಲ್ಲುಸಕ್ಕರೆಯಂತೆ ಗಟ್ಟಿಯಾಗಿ ಕೂತಿತ್ತು. ಸತ್ಯಭಾಮಾ ಅದನ್ನು ಎತ್ತಿ ಹಿಡಿದರು.

"ಇದು ನೋಡಿ ಕರಿಯಣ್ಣ. ಏನನ್ಸುತ್ತೆ?"

ಕರಿಯಣ್ಣ ಎರಡು ಹೆಜ್ಜೆ ಮುಂದೆ ಬಂದು ಕಣ್ಣು ಕಿರಿದು ಮಾಡಿ ನೋಡಿದ. "ಹಾಂ! ಹಿಂಗೇ ಆಗಿತ್ತಮ್ಮ. ಅವತ್ತೂ ಹಿಂಗೇ ಕೆಟ್ಟು ಹೋಗಿತ್ತು. ಎಲ್ಲದ್ರಲ್ಲೂ ಬಿಳೀ ಬೂಷ್ಟು."

"ಯಾವತ್ತು?"

"ವಿದ್ಯಮ್ಮ ಹೈದರಾಬಾದಿಗೆ ಹೋದ ಮೂರನೇ ದಿನ. ಫ್ರೀಜರ್ ಒರೆಸೋವಾಗ ನೋಡ್ದೆ. ಎದೆ ಧಸಕ್ ಅಂತು. ಫೋನ್ ಮಾಡಿದ್ರೆ ಸ್ವಿಚ್ ಆಫ್. ಹಂಗೇ ಬಿಟ್ರೆ ಚೂರೆಲ್ಲಾ ಕೊಳೆತು ಹೋಗ್ತವೆ, ಆ ಹುಡುಗಿ ಕಷ್ಟ ಮಣ್ಣು ಪಾಲಾಗುತ್ತೆ ಅಂತ, ಸ್ಟೋರಿಂದ ಗ್ಲಿಸರಿನ್ ತಂದು, ಸಲೈನ್ ಬೆರೆಸಿ, ಒಂದೊಂದೇ ತೊಳೆದು ಹಾಕ್ದೆ. ಒಂದು ಲೇಬಲ್ಲೂ ಅದಲು ಬದಲು ಆಗದಂಗೆ ನೋಡ್ಕೊಂಡೆ. ಮೂರು ಗಂಟೆ ಹಿಡೀತು." ಅವನು ವಿದ್ಯಾಶ್ರೀಯ ಕಡೆ ತಿರುಗಿ ಸ್ವಲ್ಪ ನಾಚಿದಂತೆ ನಕ್ಕ. "ನಿಂಗೆ ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ ಹೇಳ್ಲಿಲ್ಲ ತಾಯಿ. ನರೂಲಿ ಚೂರಿಗೆ ಗ್ಲಿಸರಿನ್ ಹಾಕಿದ್ರೆ ವರ್ಷಗಟ್ಲೆ ಕೆಡಲ್ಲ. ಆಮೇಲೆ ಈ ಹುಡುಗ ಬಂದು ಏನು ಮಾಡಿದ್ನೋ."

ವಿದ್ಯಾಶ್ರೀ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕರಿಯಣ್ಣ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದ. ನಗು ಇನ್ನೂ ಪೂರ್ತಿ ಮಾಸಿರಲಿಲ್ಲ. ಮಾಸ್ತರಿಗೆ ಎದ್ದು ಹೊರಗೆ ಓಡಿಬಿಡೋಣವೆನ್ನಿಸಿತು.

ಸತ್ಯಭಾಮಾ ಬಿಸಿನೀರಿನ ಲೋಟವೊಂದನ್ನು ತರಿಸಿ ಟ್ಯೂಬನ್ನು ಅದರಲ್ಲಿಟ್ಟರು. ಎಲ್ಲರ ಕಣ್ಣೆದುರೇ ಬಿಳಿಯ ಗಷ್ಟು ಸಡಿಲಾಗಿ, ತೆಳ್ಳಗಾಗಿ, ಕರಗಿತು. ದ್ರಾವಣ ಮತ್ತೆ ತಿಳಿಯಾಯಿತು.

"ಅದು ಬೂಷ್ಟಲ್ಲ ಕರಿಯಣ್ಣ," ಎಂದರು ಮೆಲ್ಲಗೆ. "ಉಪ್ಪು. ಬಹಳ ತಣ್ಣಗಾದ್ರೆ ತಳಕ್ಕೆ ಕೂರುತ್ತೆ. ಬೆಚ್ಚಗೆ ಮಾಡಿದ್ರೆ ಕರಗುತ್ತೆ. ಕೆಟ್ಟಿರಲಿಲ್ಲ. ನೀವು ಹೇಳೋದೂ ಸುಳ್ಳಲ್ಲ, ಗ್ಲಿಸರಿನ್‌ನಲ್ಲಿ ಮದ್ದಿಗೆ ಬೇಕಾದ ವೈರಸ್ ಉಳಿಯುತ್ತೆ. ಆದ್ರೆ ಈ ಹುಡುಗಿಗೆ ಬೇಕಿದ್ದಿದ್ದು ಬೇರೆ. ಜೀನ್‌ಗಳು ಆ ಗಳಿಗೇಲಿ ಏನು ಮಾಡ್ತಿದ್ವು ಅನ್ನೋ ಗುರುತು. ಅದನ್ನ ಉಳಿಸೋ ಶಕ್ತಿ ಆ ಉಪ್ಪಿಗೆ ಮಾತ್ರ ಇತ್ತು. ನೀವು ಚೆಲ್ಲಿದ ಮೇಲೆ ಎಲ್ಲಾ ಅಳಿಸಿ ಹೋಯ್ತು."

ಕರಿಯಣ್ಣ ಲೋಟದಲ್ಲಿದ್ದ ಟ್ಯೂಬನ್ನೇ ನೋಡುತ್ತಿದ್ದ. ಅರ್ಥವಾದಾಗ ಅವನ ಕೈ ಬಾಗಿಲ ಚೌಕಟ್ಟನ್ನು ತಡಕಾಡಿತು.

"ಬೆಂಗ್ಳೂರಿಗೆ ಕಳಿಸಿದ್ಯಲ್ಲ ತಾಯಿ, ಆ ಎರಡು? ಅವು ಚೆನ್ನಾಗಿದ್ವಲ್ಲ?"

"ಚೆನ್ನಾಗಿದ್ವು ಅಣ್ಣ."

"ಅಂದ್ರೆ ನಾನು ಮುಟ್ಟದೇ ಇದ್ದಿದ್ದು ಮಾತ್ರ ಉಳೀತಾ?"

ವಿದ್ಯಾಶ್ರೀ ಅಳುತ್ತ ತಲೆಯಾಡಿಸಿದಳು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳು ಪ್ರಯತ್ನಪಟ್ಟದ್ದು ಮುಖದಲ್ಲಿ ಕಾಣುತ್ತಿತ್ತು, ಅದು ಆಗಲಿಲ್ಲ. ಪಿಎಚ್.ಡಿ.ಯ ಮೂರು ವರ್ಷದ ದುಡಿಮೆ ಹೋಗಿತ್ತು. ದನಗಳು ಗುಣವಾಗಿದ್ದವು. ಮತ್ತೆ ಎಂದು ಎಲ್ಲಿ ನರೂಲಿ ಏಳುವುದೋ, ಅಷ್ಟರಲ್ಲಿ ಅವಳ ಅವಧಿಯೇ ಮುಗಿಯುತ್ತಿತ್ತು.

ಡಾ. ಸುದರ್ಶನ ಟೈಪಾದ ಪತ್ರವನ್ನು ಎರಡು ಚೂರು ಮಾಡಿದರು. "ದುಶ್ಯಂತ್, ತಪ್ಪಾಯ್ತಪ್ಪ," ಎಂದ ಅವರ ದನಿ ಒಡೆದಿತ್ತು. ಆಮೇಲೆ ಸತ್ಯಭಾಮಾ ಅವರತ್ತ ತಿರುಗಿದರು. "ಆದ್ರೆ ಕೇಂದ್ರದ ಶಿಸ್ತು ಸಮಿತಿಗೆ ಕಾರಣ ಕೊಡ್ಬೇಕು. ಆಕಸ್ಮಿಕ ಅಂತಷ್ಟೇ ಬರೆದ್ರೆ ಈ ಹುಡುಗನ ಮೇಲಿನ ಸಂಶಯ ಹಾಗೇ ಇರುತ್ತೆ. ಹೆಸರು ಬರೀಲೇಬೇಕು. ಕರಿಯಣ್ಣ ಜೂನ್‌ನಲ್ಲಿ ರಿಟೈರ್ ಆಗ್ತಿದಾನೆ, ಇಷ್ಟು ವರ್ಷದ ಸರ್ವಿಸಿಗೆ ಮಸಿ ಬಳಿದ ಹಾಗಾಗುತ್ತೆ. ಬೇರೆ ದಾರಿ ಏನಾದ್ರೂ ಇದ್ರೆ ನೀವೇ ಹೇಳಿ."

ಸತ್ಯಭಾಮಾ ಅವರಿಗೂ ದಾರಿ ಹೊಳೆಯಲಿಲ್ಲ. ಸೀರೆಯ ಸೆರಗನ್ನು ಮಡಿಸುತ್ತ, ಬಿಚ್ಚುತ್ತ ಕೂತರು. ಅವರನ್ನು ಹಾಗೆ ನೋಡಲು ಮಾಸ್ತರಿಗೆ ಬಹಳ ಕಷ್ಟವಾಯಿತು.

"ಬರೀರಿ ಸಾರ್," ಎಂದ ಕರಿಯಣ್ಣ. "ನಾನು ಹೇಳ್ತೀನಿ, ವಿದ್ಯಮ್ಮ ಬರೀಲಿ. ನನ್ನ ಅಕ್ಷರ ಚೆನ್ನಾಗಿಲ್ಲ."

ಅವನು ಹೇಳಿದ, ಅವಳು ಬರೆದಳು. ಯಾವ ದಿನ, ಎಷ್ಟು ಟ್ಯೂಬು, ಎಷ್ಟು ಗ್ಲಿಸರಿನ್, ಯಾವುದನ್ನೂ ಬಿಡಲಿಲ್ಲ. ದುಶ್ಯಂತನನ್ನು ನೋಡಿದೆನೆಂದು ತಾನು ಹೇಳಿದ ಮಾತನ್ನೂ ಸೇರಿಸಲು ಹೇಳಿದ. ಕೊನೆಗೆ ಡಾಕ್ಟರು, "ಈ ಹೊಸ ದ್ರಾವಣದ ವಿಷಯ ಅವನಿಗೆ ನಾವ್ಯಾರೂ ಹೇಳಿಕೊಟ್ಟಿರಲಿಲ್ಲ, ಅದನ್ನೂ ಬರಿ," ಎಂದರು.

"ಬರಿ ತಾಯಿ. ಆದ್ರೆ ನಾನೂ ಕೇಳ್ಲಿಲ್ಲ ಅಂತಾನೂ ಬರಿ," ಎಂದು ಕರಿಯಣ್ಣ ಕೈ ಚಾಚಿ ಪೆನ್ನು ತೆಗೆದುಕೊಂಡು ಸಹಿ ಹಾಕಿದ.

ಸಹಿಯಾದ ಮೇಲೆ ಅವನು ದುಶ್ಯಂತನ ಮುಂದೆ ಹೋಗಿ ನಿಂತ. ಎರಡೂ ಕೈ ಜೋಡಿಸಿದ. ದುಶ್ಯಂತ್ ಎದ್ದು ನಿಂತ. ಆ ಕೈಗಳನ್ನು ಹಿಡಿದು ಕೆಳಗಿಳಿಸಿದ.

ಸುದ್ದಿ ಮುಟ್ಟಿಸಲು ಮಾಸ್ತರು ಹೊರಗೆ ಬಂದರು. ಶಾಂತಮ್ಮ ದಡಕ್ಕನೆ ಬೆಂಚಿನಿಂದ ಎದ್ದಳು. "ನಿಮ್ಮ ಮಗ ಏನೂ ಮಾಡಿಲ್ಲಮ್ಮ. ಪತ್ರ ಹರಿದು ಹಾಕಿದ್ರು," ಎಂದು ಅವರು ಹೇಳಿದ್ದೇ ತಡ, ಅವಳು ಅವರ ಎರಡೂ ಕೈ ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತಳು. ಗೆದ್ದ ದಿನ ಮಾಸ್ತರು ಬೀದಿಯ ತುಂಬ ಹೇಳಿಕೊಂಡು ಓಡಾಡುವವರು. ಇವತ್ತು ಅವರ ಮನಸ್ಸಿನಲ್ಲಿ ಒಂದು ಹನಿ ಸಂತೋಷವಿರಲಿಲ್ಲ.

"ಹಾಗಾದ್ರೆ ಮಾಡಿದ್ದು ಯಾರು? ಯಾವ ಪಾಪಿ?" ಎಂದು ಶಾಂತಮ್ಮ ಕಣ್ಣೊರೆಸಿಕೊಂಡು ಕೇಳಿದಳು. "ನನ್ನ ಮಗ ಹತ್ತು ದಿನ ಅನ್ನ ಮುಟ್ಟಿಲ್ಲ. ಅವರ ಮುಖ ಒಂದ್ಸಲ ನೋಡ್ಬೇಕು ನಾನು."

ಅಷ್ಟರಲ್ಲಿ ಹಿಂದಿನಿಂದ ಕರಿಯಣ್ಣ ಮೆಟ್ಟಿಲು ಇಳಿದು ಬಂದ. ಅವಳ ಮಾತು ಅವನ ಕಿವಿಗೆ ಬಿದ್ದಿತ್ತು.

"ನಾನಮ್ಮ," ಎಂದ.

ಶಾಂತಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಬೆಳ್ಳಗಿನ ತಲೆ, ಇಸ್ತ್ರಿ ಮಾಡಿದ ಅಂಗಿ, ಎಲ್ಲಿಡಬೇಕೆಂದು ತಿಳಿಯದೆ ಜೋತುಬಿದ್ದ ಎರಡು ಕೈ. ಹತ್ತು ದಿನದಿಂದ ಕೂಡಿಟ್ಟ ಬೈಗುಳ ಅವಳ ಬಾಯಿಯ ತನಕ ಬಂದದ್ದು ಮಾಸ್ತರಿಗೆ ಕಂಡಿತು. ಅವನು ಅದಕ್ಕಾಗಿಯೇ ಕಾಯುತ್ತಿದ್ದವನಂತೆ ತಲೆ ತಗ್ಗಿಸಿ ನಿಂತಿದ್ದ.

"ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ ಅಣ್ಣ?" ಎಂದು ಕೇಳಿದಳು.

ಕರಿಯಣ್ಣ ಇಲ್ಲವೆಂದು ತಲೆಯಾಡಿಸಿದ.